ತಲೆಯ ಬಳಿ ಕೂತವಳನ್ನು ಎಬ್ಬಿಸಿದವರು ಯಾರು?

ಪ್ರಾಂತ್ಯದ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ಶೌಕಿ ನಿಮ್ಮ ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಉಸಿರು ನಿಂತು, ಮೂರನೇ ದಿನ ತೀರಿಕೊಂಡರು. ಅದಕ್ಕೆ ಇವಳೇ ಕಾರಣ ಎಂದು ನೀವು ಒಬ್ಬ ನರ್ಸನ್ನು ತೋರಿಸಿದಿರಿ. ನಾನು ನಂಬಿದೆ. ಆಸ್ಪತ್ರೆಯ ಪಡಸಾಲೆಯಲ್ಲಿ, ಚೀಟಿ ಹಿಡಿದು ನಿಂತ ಅಷ್ಟೂ ಜನರ ಎದುರು, ಅವಳ ಕೆನ್ನೆಗೆ ಹೊಡೆದೆ. ನೀವು ಬರೆಸಿಕೊಟ್ಟ ದೂರಿಗೆ ಸಹಿ ಹಾಕಿದೆ. ಅವಳನ್ನು ಅಮಾನತು ಮಾಡಿಸಿದೆ. ಏಳು ತಿಂಗಳಾದ ಮೇಲೆ ನನಗೆ ಗೊತ್ತಾಯಿತು, ಹೊಡೆಯಬೇಕಾಗಿದ್ದ ಕೆನ್ನೆ ಅದಲ್ಲ. ಅದು ಯಾರದೆಂದು ಹೇಳುವುದಕ್ಕೇ ಈ ಪತ್ರ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಿಸ್ತು ಮಂಡಳಿ ಕೂತು ಆ ನರ್ಸ್, ಅಂದರೆ ಮಿಸ್ ರಾವ್ಯಾ, ಅವಳ ಪರವಾನಗಿಯನ್ನು ಶಾಶ್ವತವಾಗಿ ಕಿತ್ತುಕೊಳ್ಳಲಿದೆ. ಅದಕ್ಕೆ ಮುಖ್ಯ ಆಧಾರ ನನ್ನ ದೂರು. ಅದನ್ನು ವಾಪಸು ತೆಗೆದುಕೊಳ್ಳುತ್ತೇನೆಂದು ನಿಮ್ಮ ಕಚೇರಿಗೆ ನಾಲ್ಕು ಪತ್ರ ಬರೆದೆ. ನಾಲ್ಕಕ್ಕೂ ಬಂದ ಉತ್ತರ 'ಪರಿಶೀಲನೆಯಲ್ಲಿದೆ'. ನಾನು ಮೂವತ್ತೆಂಟು ವರ್ಷ ಗಣಿತ ಕಲಿಸಿದವಳು. ನಾಲ್ಕು ಬೇರೆ ಬೇರೆ ಲೆಕ್ಕಕ್ಕೆ ಒಂದೇ ಉತ್ತರ ಬರೆದವನು ಪ್ರಶ್ನೆ ಓದಿಲ್ಲ ಎಂದು ನನಗೆ ತಿಳಿಯುತ್ತದೆ. ಆದ್ದರಿಂದ ಐದನೆಯ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೆಂದು ಊರೇ ನೋಡಲಿ.

ಶೌಕಿ ರೈಲ್ವೆಯಲ್ಲಿದ್ದರು. ಮೂವತ್ತೊಂದು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತು ರೈಲುಗಳನ್ನು ಡಿಕ್ಕಿ ಹೊಡೆಯದಂತೆ ಕಳಿಸಿಕೊಟ್ಟವರು. ಹುಟ್ಟಿದ್ದು ದಕ್ಷಿಣದ ಸೋಹಾಗ್ ಕಡೆ, ಬದುಕಿದ್ದು ನಮ್ಮ ಈ ನೈಲ್ ಡೆಲ್ಟಾದಲ್ಲಿ. ಕಾಲುವೆ ನೀರಿನ ಹುಳಕ್ಕೆಂದು ಒಂದೇ ಸೂಜಿಯಲ್ಲಿ ಇಡೀ ತರಗತಿಗೆ ಚುಚ್ಚುತ್ತಿದ್ದ ಕಾಲದ ಮಕ್ಕಳು ನಾವು. ಹುಳವೇನೋ ಹೋಯಿತು. ಸೂಜಿ ಬಿಟ್ಟುಹೋದ ಸೋಂಕು ಲಿವರಿನಲ್ಲಿ ಕೂತಿತು. ನಮ್ಮ ಬೀದಿಯಲ್ಲಿ ಮನೆಗೊಬ್ಬರ ಹೊಟ್ಟೆ ಊದಿದೆ, ಯಾರಿಗೂ ಅದು ಸುದ್ದಿಯಲ್ಲ. ಲಿವರ್ ಗಟ್ಟಿಯಾದವರಿಗೆ ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ. ಅವು ಒಡೆದರೆ ಬಾಯಿತುಂಬ ರಕ್ತ, ಆಸ್ಪತ್ರೆ ತಲುಪುವಷ್ಟೂ ಸಮಯ ಸಿಗುವುದಿಲ್ಲ. ಒಡೆಯುವ ಮೊದಲೇ ಕೊಳವೆ ಇಳಿಸಿ ಅವಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸಬೇಕು. ತಿಂಗಳಿಗೊಮ್ಮೆ ಹೋಗಬೇಕು, ಮತ್ತೆ ಮತ್ತೆ ಹೋಗಬೇಕು. ಮೈಮೇಲೆ ಎಚ್ಚರವಿದ್ದು ಅದನ್ನು ತಡೆದುಕೊಳ್ಳುವುದು ಕಷ್ಟ. ಅದಕ್ಕೇ ಮಂಪರು ಮದ್ದು.

ಆ ಮದ್ದು ಕೊಡುತ್ತಿದ್ದವಳು ಮಿಸ್ ರಾವ್ಯಾ. ಮೊದಲ ಸಲ ಹೋದಾಗ ನನ್ನನ್ನು ಬಾಗಿಲ ತನಕ ಬಿಟ್ಟಿದ್ದರು. ಯಾವ ರೈಲಿಗೂ ಹೆದರದ ನನ್ನ ಗಂಡ ಬೆರಳಿಗೆ ಆಕ್ಸಿಜನ್ ಅಳೆಯುವ ಚಿಮಟ ಹಾಕಿಸಿಕೊಂಡು ನಡುಗುತ್ತಿದ್ದರು.

"ಮಿಸ್, ನನಗೆ ನಿದ್ದೇನೇ ಬರದಿದ್ರೆ?"

"ಬರದಿದ್ರೆ ಮಾತಾಡ್ತಾ ಇರೋಣ ಹಾಜ್. ಇಲ್ಲಿಂದ ಕೈರೋಗೆ ಹೋಗೋ ರೈಲು ಎಲ್ಲೆಲ್ಲಿ ನಿಲ್ಲತ್ತೆ, ಒಂದೊಂದಾಗಿ ಹೇಳಿ ನೋಡೋಣ."

"ಇದೇನು ಪರೀಕ್ಷೇನಾ? ತಂತಾ... ಬಿರ್ಕತ್ ಅಸ್ಸಬ್... ಕುವೈಸ್ನಾ... ಬನ್ಹಾ..."

ಬನ್ಹಾ ದಾಟಲಿಲ್ಲ. ಅಷ್ಟರಲ್ಲಿ ಕೊಳವೆ ಇಳಿಸುವ ಡಾಕ್ಟರ್ ನಾಗಿ ತಿರುಗದೆಯೇ ಕೈ ಚಾಚಿ "ರಾವ್ಯಾ, ಹತ್ತಿ ಬಟ್ಟೆ ಕೊಡು" ಅಂದರು. ಅವಳು ಶೌಕಿಯ ಎದೆಯಿಂದ ಕಣ್ಣು ತೆಗೆಯಲಿಲ್ಲ.

"ದೌಲತ್‌ನ ಕೇಳಿ ಡಾಕ್ಟ್ರೇ. ನಾನು ಈ ರೂಮಲ್ಲೇ ಇಲ್ಲ ಅಂದ್ಕೊಳ್ಳಿ."

ಡಾಕ್ಟರು ನಕ್ಕರು. ದೌಲತ್ ಎಂಬ ಎರಡನೇ ನರ್ಸ್ ಬಟ್ಟೆ ಕೊಟ್ಟಳು. ಮನೆಗೆ ಬರುವಾಗ ಮೈಕ್ರೋಬಸ್ಸಿನಲ್ಲಿ ಇದನ್ನು ಶೌಕಿಗೆ ಹೇಳಿದೆ. ಅರೆಮಂಪರಿನಲ್ಲೂ ಅವರು ಖುಷಿಪಟ್ಟರು. "ಸರಿ ಮತ್ತೆ! ಕ್ಯಾಬಿನ್ನಲ್ಲಿ ಕೂತೋನು ಟೀ ಕಾಯಿಸೋ ಹಾಗಿಲ್ಲ ಇಗ್ಲಾಲ್. ಸನ್ನೆ ಹಿಡಿದವನಿಗೆ ಸನ್ನೆ ಒಂದೇ ಕೆಲಸ. ಟೀ ಕಾಯಿಸ್ದೋನು ಒಬ್ಬ ಇದ್ದ, ಎರಡು ಗಾಡಿ ಒಂದೇ ಹಳಿ ಮೇಲೆ ಬಂದ್ವು. ಈ ಹುಡುಗಿಗೆ ಯಾರೋ ಚೆನ್ನಾಗಿ ಕಲಿಸಿದಾರೆ." ಆಮೇಲೆ ನಾಲ್ಕು ಸಲ ಹೋದೆವು. ನಾಲ್ಕು ಸಲವೂ ಸ್ವಂತ ಕಾಲಲ್ಲಿ ನಡೆದು ಬಂದು, ದಾರಿಯಲ್ಲಿ ಡಾಕ್ಟರು ಬೇಡ ಅಂದದ್ದನ್ನೆಲ್ಲ ತಿನ್ನುತ್ತೇನೆಂದು ಹಟ ಹಿಡಿದಿದ್ದರು.

ಆರನೆಯ ಸಲ ಹೋದದ್ದು ಒಂದು ಬುಧವಾರ. ಅಂದು ಎಂಡೋಸ್ಕೋಪಿ ಕೋಣೆಯ ಮುಂದೆ ಹನ್ನೊಂದು ಜನ ಹಿಂದಿನ ಸಂಜೆಯಿಂದ ಹೊಟ್ಟೆಗಿಲ್ಲದೆ ಕೂತಿದ್ದರು. ಶೌಕಿ ನಾಲ್ಕನೆಯವರು. ಅವರನ್ನು ಒಳಗೆ ಕರೆದುಕೊಂಡರು, ನನ್ನನ್ನು ಅಂದು ಬಾಗಿಲ ತನಕವೂ ಬಿಡಲಿಲ್ಲ. ಅರ್ಧ ಗಂಟೆಯಾದ ಮೇಲೆ ಒಳಗೆ ಯಾರೋ ಓಡಿದರು, ಮತ್ತೊಬ್ಬರು ಓಡಿದರು. ಶೌಕಿಯನ್ನು ಗಾಲಿ ಮಂಚದ ಮೇಲೆ ತಂದಾಗ ಮಿಸ್ ರಾವ್ಯಾ ಪಕ್ಕದಲ್ಲೇ ಓಡುತ್ತ ಅವರ ಬಾಯಿಗೆ ಚೀಲ ಒತ್ತಿ ಗಾಳಿ ತುಂಬುತ್ತಿದ್ದಳು. ಅವಳ ಎದೆಯ ಮೇಲೆಲ್ಲ ರಕ್ತವಾಗಿತ್ತು. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎಲ್ಲ ಮುಗಿಯಿತು.

ಶನಿವಾರವೇ ನಿಮ್ಮ ಕಚೇರಿಯಿಂದ ಇಬ್ಬರು ಬಂದರು ನೋಡಿ. ಬದುಕಿದ್ದಾಗ ಒಂದು ಹಾಸಿಗೆ ಕೊಡಲು ಮೂರು ವಾರ ಓಡಾಡಿಸಿದ ಇಲಾಖೆ, ಸತ್ತ ಮಾರನೆಯ ದಿನ ಮನೆ ಬಾಗಿಲಿಗೆ ಬಂತು. "ಅರಿವಳಿಕೆ ತಜ್ಞರು ಕೊಡಬೇಕಾದ ಮದ್ದನ್ನ ನರ್ಸ್ ಕೊಟ್ಟಿದ್ದಾಳೆ ತಾಯೀ. ಒಂದು ದೂರು ಬರೆದುಕೊಡಿ, ನಾವು ನೋಡ್ಕೋತೀವಿ" ಎಂದು ಮೆತ್ತಗೆ ಹೇಳಿದರು. ಬರೆದುಕೊಡುವ ಶ್ರಮವನ್ನೂ ನನಗೆ ಕೊಡಲಿಲ್ಲ, ಬರೆದೇ ತಂದಿದ್ದರು. ಗಂಡನನ್ನು ಮಣ್ಣು ಮಾಡಿ ಬಂದವಳಿಗೆ ಕಣ್ಣು ಮಂಜಾಗಿತ್ತು, ಸಹಿ ಹಾಕಿದೆ. ಶೌಕಿಯ ಬಟ್ಟೆಬರೆ ತರಲೆಂದು ಮಾರನೆಯ ದಿನ ಆಸ್ಪತ್ರೆಗೆ ಹೋದಾಗ ರಾವ್ಯಾ ಎದುರಿಗೆ ಬಂದಳು. "ಅಬ್ಲಾ..." ಎಂದು ಟೀಚರನ್ನು ಕರೆಯುವಂತೆ ಕರೆದು ಏನೋ ಹೇಳಲು ಬಾಯಿ ತೆರೆದಳು. ನಾನು ಹೊಡೆದೆ. ಅವಳು ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಅಲ್ಲೇ ನಿಂತಿದ್ದಳು. ಸುತ್ತ ಇದ್ದವರಲ್ಲಿ ಕೆಲವರು ನನಗೆ ಶಹಬ್ಬಾಸ್ ಅಂದರು. ಆಗ ಅದು ನನಗೆ ಹಿತವಾಗಿತ್ತು ಎಂಬುದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ.

ಈಗ ನಮ್ಮ ಮನೆಯ ಪದ್ಧತಿಯೊಂದನ್ನು ನಿಮಗೆ ನೆನಪಿಸಬೇಕು. ನನ್ನ ಗಂಡನ ಕಡೆಯವರು ದಕ್ಷಿಣದವರು. ಒಬ್ಬನ ಸಾವಿಗೆ ಮತ್ತೊಬ್ಬ ಕಾರಣ ಎಂದಾದರೆ, ಸತ್ತವನ ಹಕ್ಕು ತೀರುವವರೆಗೆ, ಅಂದರೆ ಸೇಡು ಮುಗಿಯುವವರೆಗೆ, ಅವರು ಸಂತಾಪ ಸ್ವೀಕರಿಸುವುದಿಲ್ಲ. ಪೆಂಡಾಲು ಹಾಕುವುದಿಲ್ಲ, ಬಂದವರ ಕೈ ಕುಲುಕುವುದಿಲ್ಲ. ನನ್ನ ಭಾವ ಹಾಜ್ ಖಲಫ್ ಸೋಹಾಗಿನಿಂದ ಬಂದವರೇ ಅಂಗಳದಲ್ಲಿದ್ದ ಬಾಡಿಗೆ ಕುರ್ಚಿಗಳನ್ನು ವಾಪಸು ಕಳಿಸಿದರು. "ಆ ಹೆಂಗಸಿನ ಲೆಕ್ಕ ಮುಗೀಲಿ. ಆಮೇಲೆ ಅಳೋಣ" ಅಂದರು. ಓದಿದವಳು, ಲೆಕ್ಕದ ಟೀಚರು, ಇಂಥದ್ದನ್ನೆಲ್ಲ ಮೂವತ್ತೈದು ವರ್ಷ ಗೇಲಿ ಮಾಡಿಕೊಂಡು ಬಂದವಳು ನಾನು. ಅಂದು ತಲೆಯಾಡಿಸಿದೆ.

ಇಪ್ಪತ್ತು ದಿನಕ್ಕೆ ನಿಮ್ಮ ಸಮಿತಿಯ ವರದಿ ಬಂತು. ರಾವ್ಯಾ ಅಮಾನತಾದಳು. ನಾವು ಪೆಂಡಾಲು ಹಾಕಿದೆವು, ಶೇಖ್ ಕುರಾನ್ ಓದಿದರು, ಸಕ್ಕರೆಯಿಲ್ಲದ ಕಾಫಿ ಹಂಚಿದರು. ಆಗ ಯಾರು ಬಂದರು ಹೇಳಿ? ನೀವು. ಮೂರು ಕಾರು, ಮುಂದಿನ ಸಾಲಿನ ಕುರ್ಚಿ. ಹಾಜ್ ಖಲಫರ ಕೈ ಎರಡೂ ಕೈಯಲ್ಲಿ ಹಿಡಿದಿರಿ. ಹೆಂಗಸರ ಕಡೆಗೆ ಬಂದು ನನಗೂ ಹೇಳಿದಿರಿ: "ನಿಮ್ಮ ಹಕ್ಕು ನಿಮಗೆ ಸಿಕ್ತು ತಾಯೀ. ಇನ್ನು ಈ ಪ್ರಾಂತ್ಯದಲ್ಲಿ ಯಾವ ನರ್ಸೂ ಆ ಸಿರಿಂಜ್ ಮುಟ್ಟೋದಿಲ್ಲ." ನಾನು ನಿಮಗೆ ದುವಾ ಮಾಡಿದೆ, ಮಾನ್ಯರೇ. ನಿಮ್ಮ ಮಕ್ಕಳು ಮರಿಗೆಲ್ಲ ಒಳ್ಳೆಯದಾಗಲಿ ಎಂದೆ. ಮಕ್ಕಳ ಪಾಲಿನದು ಅವರಿಗೇ ಇರಲಿ, ಅವರೇನು ಮಾಡಿದ್ದಾರೆ? ನಿಮ್ಮ ಪಾಲಿನದನ್ನು ವಾಪಸು ತೆಗೆದುಕೊಂಡಿದ್ದೇನೆ.

ನರ್ಸುಗಳು ಮಂಪರು ಮದ್ದು ಕೊಡಬಾರದೆಂದು ನೀವು ಹೊರಡಿಸಿದ ಸುತ್ತೋಲೆ ಏನು ಮಾಡಿತು ಎಂಬುದನ್ನು ನೋಡೋಣ. ನೆಗಡಿ ಬಂತೆಂದು ಮೂಗು ಕೊಯ್ದದ್ದು ಹೇಗಿರುತ್ತದೆ ಎಂದು ಕೇಳುವವರಿಗೆ ನಮ್ಮ ಆಸ್ಪತ್ರೆ ತೋರಿಸಬಹುದು. ಮೊದಲು ವಾರಕ್ಕೆ ನಲವತ್ತು ಜನಕ್ಕೆ ಕೊಳವೆ ಇಳಿಸುತ್ತಿದ್ದರು. ಅರಿವಳಿಕೆ ತಜ್ಞರೇ ಮದ್ದು ಕೊಡಬೇಕೆಂದಿರಿ. ಇರುವವರು ಇಬ್ಬರು. ಅವರು ಹೆರಿಗೆಗೆ ಹೋಗಬೇಕು, ಹೊಟ್ಟೆ ಕೊಯ್ಯುವಲ್ಲಿಗೆ ಹೋಗಬೇಕು, ಹೆದ್ದಾರಿಯಲ್ಲಿ ಗಾಡಿ ಮಗುಚಿದರೆ ಅಲ್ಲಿಂದ ಬಂದವರಿಗೂ ಅವರೇ ಆಗಬೇಕು. ಎಂಡೋಸ್ಕೋಪಿಗೆ ಸಿಗುವುದು ಸೋಮವಾರ ಎರಡು ಗಂಟೆ. ವಾರಕ್ಕೆ ನಾಲ್ಕು ಜನ. ಉಳಿದ ಮೂವತ್ತಾರು ಜನ ಎಲ್ಲಿ ಹೋಗಬೇಕೆಂದು ಸುತ್ತೋಲೆಯ ಯಾವ ಸಾಲಿನಲ್ಲಿದೆ? ಎರಡು ಸಲ ಓದಿದೆ, ಸಿಗಲಿಲ್ಲ.

ಅವರಲ್ಲಿ ಕೆಲವರು ಮಂಪರಿಲ್ಲದೆಯೇ ಮಾಡಿಸಿಕೊಳ್ಳುತ್ತಿದ್ದಾರೆ. ಗಂಟಲಿಗೊಂದು ಕಹಿ ಔಷಧ ಸಿಂಪಡಿಸಿ, ಕೈಕಾಲು ಹಿಡಿಯಲು ಮನೆಯವರನ್ನು ಒಳಗೆ ಕರೆಯುತ್ತಾರೆ. ನಮ್ಮ ಹಿಂದಿನ ಬೀದಿಯ ಉಮ್ಮ್ ವಗೀಹ್ ಮಾತಾಡಲು ಶುರುಮಾಡಿದರೆ ಕೋಳಿ ಮಾರುವವನೂ ಅಂಗಡಿ ಬಿಟ್ಟು ಕೇಳುತ್ತಾನೆ. ಅವಳು ನನಗೆ ಹೇಳಿದ್ದು ಕೇಳಿ. "ನಾಲ್ಕು ಜನ ಅಳಿಯಂದ್ರು ನನ್ನ ಹಿಡ್ಕೊಂಡಿದ್ರು ಅಬ್ಲಾ. ಮದುವೆಯಾದಾಗಿಂದ ಕಾಯ್ತಿದ್ರು ಅನ್ಸತ್ತೆ, ಎಷ್ಟು ಗಟ್ಟಿ ಹಿಡಿದ್ರು ಅಂತೀರಿ! ಒಬ್ಬನ ಬೆರಳು ಕಚ್ಚಿದೆ. ಡಾಕ್ಟ್ರದ್ದು ಅಂದ್ಕೊಂಡೆ, ದೊಡ್ಡ ಅಳಿಯಂದು. ಎರಡನೇ ಉಂಗುರ ಹಾಕೋ ಮೊದಲೇ ಎದ್ದು ಓಡಿ ಬಂದೆ. ಇನ್ನು ಸತ್ರೂ ಹೋಗಲ್ಲ." ನಾವಿಬ್ಬರೂ ನಕ್ಕೆವು. ಅವಳು ಮತ್ತೆ ಹೋಗಲಿಲ್ಲ. ಐದು ವಾರಕ್ಕೆ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದಾಗ ರಕ್ತ ವಾಂತಿಯಾಗಿ ಸತ್ತಳು. ಸುರಕ್ಷತೆಗಾಗಿ ತಂದ ಸುತ್ತೋಲೆಯಲ್ಲವೇ ಅದು? ಉಮ್ಮ್ ವಗೀಹಳ ಸಾವಿಗೂ ಒಂದು ಸಮಿತಿ ಮಾಡಿದಿರಾ? ಅವಳು ಸತ್ತದ್ದು ನಿಮ್ಮ ಕಟ್ಟಡದಲ್ಲಿ ಅಲ್ಲ, ತನ್ನ ಅಡುಗೆಮನೆಯಲ್ಲಿ. ಅದು ನಿಮ್ಮ ಅಂಕಿಅಂಶಕ್ಕೆ ಬರುವುದಿಲ್ಲ.

ಸತ್ಯ ನನಗೆ ಸಿಕ್ಕಿದ್ದು ಹೇಗೆ ಎಂದು ನೀವು ಈಗ ನಿಮ್ಮ ಗುಮಾಸ್ತರನ್ನು ಬಯ್ಯುತ್ತಿರಬಹುದು. ಪಾಪ, ಅವರನ್ನು ಬಿಡಿ. ಸರ್ಕಾರಿ ಕಾಗದಗಳಿಗಾಗಿ ಸಮಿತಿಯ ವರದಿಯ ಪ್ರತಿ ಬೇಕಾಗಿತ್ತು. ಕೊಟ್ಟವರು ಯಾರೆಂದು ಹೇಳುವುದಿಲ್ಲ. ಈ ಊರಿನಲ್ಲಿ ನನ್ನ ಕೈಯಲ್ಲಿ ಭಿನ್ನರಾಶಿ ಕಲಿಯದವರೇ ಕಡಿಮೆ, ಹುಡುಕುತ್ತ ಹೋದರೆ ಇಡೀ ಆಸ್ಪತ್ರೆ ಖಾಲಿ ಮಾಡಬೇಕಾದೀತು. ವರದಿಯ ಕೊನೆಗೆ, ನಿಮ್ಮವರು ತೆಗೆಯಲು ಮರೆತ ಒಂದು ಹಾಳೆಯಿತ್ತು. ಆ ಬುಧವಾರದ ಕೆಲಸದ ಪಟ್ಟಿ. ಎಂಡೋಸ್ಕೋಪಿ ಕೋಣೆ: ರಾವ್ಯಾ, ದೌಲತ್. ದೌಲತ್ ಹೆಸರಿನ ಮೇಲೆ ಒಂದು ಗೆರೆ. ಪಕ್ಕದಲ್ಲಿ ಬರೆದಿತ್ತು: 'ಸ್ವಾಗತಕ್ಕೆ'. ಕೆಳಗೆ ಇನ್ನೊಂದು ಸಾಲು: 'ಪ್ರತಿ ಕೋಣೆಯಲ್ಲಿ ಒಬ್ಬ ನರ್ಸ್ ಸಾಕು. ಉಳಿದವರೆಲ್ಲ ಹೊಸ ವಿಭಾಗದ ಉದ್ಘಾಟನೆಗೆ, ಮುಖ್ಯಾಧಿಕಾರಿಗಳ ಆದೇಶದ ಮೇರೆಗೆ.'

ಅಂದರೆ ನಿಮ್ಮ ಆದೇಶದ ಮೇರೆಗೆ.

ದೌಲತ್‌ಳನ್ನು ತರಕಾರಿ ಮಾರುಕಟ್ಟೆಯಲ್ಲಿ ಹಿಡಿದೆ. ನನ್ನನ್ನು ನೋಡಿ ಮುಖ ಮರೆಸಿಕೊಳ್ಳಲು ಹೋದಳು, ಬಿಡಲಿಲ್ಲ. "ಕೈರೋದಿಂದ ಯಾರೋ ದೊಡ್ಡೋರು ಬರ್ತಾರೆ ಅಂತ ಹೊಸ ಬಿಳಿ ಶೂ ಕೊಟ್ರು ಅಬ್ಲಾ. ಕೈಗೊಂದು ಹೂಗುಚ್ಛ. ಎಂಟು ಗಂಟೆಯಿಂದ ಹನ್ನೊಂದರ ತನಕ ಎರಡು ಸಾಲಲ್ಲಿ ನಿಂತಿದ್ವಿ. ನಾನು ಮೇಲ್ವಿಚಾರಕಿಗೆ ಎರಡು ಸಲ ಹೇಳಿದೆ, ನಮ್ಮ ರೂಮಲ್ಲಿ ಇಬ್ಬರು ಬೇಕೇ ಬೇಕು ಅಂತ. 'ಸಾಲು ಗಿಡ್ಡ ಕಾಣತ್ತೆ ಅಂತ ಸಾಹೇಬರು ಬಯ್ದಿದಾರೆ, ತೆಪ್ಪಗೆ ನಿಲ್ಲು' ಅಂದ್ರು. ಆ ದೊಡ್ಡೋರು ಬಂದು ರಿಬ್ಬನ್ ಕತ್ತರಿಸಿ ಹೋಗಿದ್ದು ಹತ್ತೊಂಬತ್ತು ನಿಮಿಷ. ಅಷ್ಟರಲ್ಲಿ ಮೇಲಿಂದ ಯಾರೋ ಕೂಗ್ತಾ ಬಂದ್ರು." ಅವಳು ಸೌತೆಕಾಯಿ ಚೀಲ ಹಿಡಿದುಕೊಂಡೇ ಅತ್ತಳು.

ಹತ್ತೊಂಬತ್ತು ನಿಮಿಷ, ಮಾನ್ಯರೇ. ಸಾಲು ಗಿಡ್ಡ ಕಾಣಬಾರದೆಂದು ನೀವು ನನ್ನ ಗಂಡನ ತಲೆಯ ಬಳಿ ಇರಬೇಕಾದವರ ಲೆಕ್ಕದಲ್ಲಿ ಒಬ್ಬರನ್ನು ಕಳೆದಿರಿ. ಕಳೆಯುವಾಗ ಏನು ಉಳಿಯುತ್ತದೆ ಎಂದು ನೋಡುವುದು ಎರಡನೇ ತರಗತಿಯ ಪಾಠ.

ರಾವ್ಯಾಳ ಮನೆಗೆ ಹೋಗುವುದು ಬಾಕಿಯಿತ್ತು. ನಮ್ಮ ದಕ್ಷಿಣದ ಪದ್ಧತಿಯಲ್ಲಿ ಅದಕ್ಕೂ ಒಂದು ದಾರಿಯಿದೆ. ಅನ್ಯಾಯ ಮಾಡಿದವನು ತನ್ನ ಹೆಣಕ್ಕೆ ಹೊದಿಸುವ ಕಫನ್ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಊರು ನೋಡುವಂತೆ ನಡೆದು, ನೊಂದವರ ಮನೆಗೆ ಹೋಗುತ್ತಾನೆ. ಕೊಲ್ಲುವುದಾದರೆ ಕೊಲ್ಲಿ, ಬಿಡುವುದಾದರೆ ಬಿಡಿ ಎಂದು ಅರ್ಥ. ಹಾಜ್ ಖಲಫರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಮಾರನೆಯ ದಿನದ ರೈಲಿಗೇ ಬಂದಿಳಿದರು. ನಾನು ಬಟ್ಟೆ ಮಡಿಸಿ ಕೈಯಲ್ಲಿ ಹಿಡಿದಾಗ ಬಾಗಿಲಿಗೆ ಅಡ್ಡ ನಿಂತರು.

"ನಮ್ಮ ಕಡೆ ಹೆಂಗಸರು ಕಫನ್ ಹೊರೋದಿಲ್ಲಮ್ಮ ಇಗ್ಲಾಲ್. ಕೊಡು ಇಲ್ಲಿ, ನಾನು ಹೊರ್ತೀನಿ."

"ನಿಮ್ಮ ಕಡೆ ಗಂಡಸರು ತಪ್ಪು ಮನೇಗೆ ಹೋಗಿ ಸೇಡು ತೀರಿಸ್ಕೊಳ್ಳೋದು ಉಂಟಾ ಭಾವ?"

"ಇಲ್ಲ. ನಮ್ಮ ಏಳು ತಲೆಮಾರಲ್ಲಿ ಇಲ್ಲ."

"ಹಾಗಾದ್ರೆ ಎರಡೂ ಹೊಸದೇ. ಹೊಡೆದ ಕೈ ನಂದು. ನೀವು ಹಿಂದೆ ಬನ್ನಿ."

ಅವರು ಮೂರು ಹೆಜ್ಜೆ ಹಿಂದೆ, ಪೇಟ ಬಿಚ್ಚಿ ಕೊರಳಿಗೆ ಹಾಕಿಕೊಂಡು ಬಂದರು. ಹಾಡಹಗಲು, ಮಾರುಕಟ್ಟೆಯ ನಡುವಿನ ದಾರಿ. ನನ್ನ ಹಳೆಯ ಶಿಷ್ಯಂದಿರು ಅಂಗಡಿಗಳಿಂದ ಎದ್ದು ನಿಂತರು. ರಾವ್ಯಾ ಬಾಗಿಲಲ್ಲೇ ಕೂತು ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ಮೊದಲು ಹೆದರಿದಳು. ಡೆಲ್ಟಾದ ಹುಡುಗಿ, ನಮ್ಮ ಈ ಪದ್ಧತಿ ಅವಳಿಗೆ ಎಲ್ಲಿ ಗೊತ್ತು? ಹಾಜ್ ಖಲಫರು ವಿವರಿಸಿದರು. ಅವಳು ಬಟ್ಟೆ ತೆಗೆದುಕೊಂಡು ಸೊಪ್ಪಿನ ಬುಟ್ಟಿಯ ಪಕ್ಕ ಇಟ್ಟಳು.

"ಒಳಗೆ ಬನ್ನಿ ಅಬ್ಲಾ. ಬಿಸಿಲು" ಅಂದಳು. ಟೀ ಕೊಟ್ಟಳು. ಆಮೇಲೆ, ನಿಮ್ಮ ಸಮಿತಿ ಇಪ್ಪತ್ತು ದಿನದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ನಾನು ಕೇಳಿದೆ. ಏನಾಯಿತು?

"ಮೂರನೇ ಉಂಗುರ ಹಾಕ್ತಿದ್ದಾಗ ಒಂದು ನಾಳ ಒಡೀತು. ಡಾಕ್ಟ್ರು 'ರಕ್ತ ಹೀರೋ ಪೈಪು, ಇನ್ನೊಂದು ಉಂಗುರದ ಸೆಟ್ಟು, ಬೇಗ' ಅಂತ ಕಿರುಚಿದ್ರು. ದೌಲತ್ ಇದ್ದಿದ್ರೆ ಅವಳ ಕೆಲಸ. ರೂಮಲ್ಲಿ ನಾನೊಬ್ಬಳೇ. ರಕ್ತ ನೋಡಿ ಕಪಾಟಿನ ಹತ್ರ ಹೋದೆ. ಬೆರಳಿನ ಚಿಮಟ ಜಾರಿ ಮಷಿನ್ನು ಕೂಗ್ತಿತ್ತು, ದಿನಕ್ಕೆ ಹತ್ತು ಸಲ ಜಾರಿ ಕೂಗೋದೇ ಅದು. ಒಂದು ನಿಮಿಷ, ಹೆಚ್ಚಂದ್ರೆ ಒಂದೂವರೆ. ತಿರುಗಿ ನೋಡಿದ್ರೆ ತುಟಿ ನೀಲಿ. ರಕ್ತ ಶ್ವಾಸಕ್ಕೆ ಇಳಿದಿತ್ತು." ಆಮೇಲೆ ಅವಳೇ ಹೇಳಿದಳು: "ನಂದೂ ತಪ್ಪಿದೆ ಅಬ್ಲಾ. ದೌಲತ್‌ನ ಕಳಿಸಿದಾಗ್ಲೇ ನಾನು ಸಿರಿಂಜ್ ಕೆಳಗಿಟ್ಟು, ಇವತ್ತು ಆಗಲ್ಲ ಅನ್ನಬೇಕಿತ್ತು. ಹನ್ನೊಂದು ಜನ ಹಸಿದುಕೊಂಡು ಕೂತಿದ್ರು. ಹಾಜ್ ಶೌಕಿ ಬಾಗಿಲಲ್ಲೇ 'ಇವತ್ತು ಬನ್ಹಾ ದಾಟಿ ತೋರಿಸ್ತೀನಿ' ಅಂತ ನಗಾಡಿದ್ರು. ಹೇಳಕ್ಕೆ ಬಾಯಿ ಬರಲಿಲ್ಲ."

ಮಾನ್ಯರೇ, ತಪ್ಪು ಒಪ್ಪಿಕೊಳ್ಳುವುದು ಹೀಗೆ. ಒಮ್ಮೆ ಮಾಡಿ ನೋಡಿ, ನಾಲಿಗೆ ಸುಡುವುದಿಲ್ಲ.

ನನಗೆ ವೈದ್ಯಶಾಸ್ತ್ರ ಗೊತ್ತಿಲ್ಲ, ಲೆಕ್ಕ ಗೊತ್ತು. ಆರು ವರ್ಷದಲ್ಲಿ ಆ ಕೋಣೆಯಲ್ಲಿ ನರ್ಸುಗಳ ಕೈಯಿಂದ ಮಂಪರು ಮದ್ದು ಪಡೆದವರು ಹನ್ನೊಂದು ಸಾವಿರದ ಮೇಲೆ. ಅದು ಆ ಕೋಣೆಯದೇ ದಾಖಲೆ. ಉಸಿರು ಸಣ್ಣಗಾದವರು ಅರವತ್ತು ಚಿಲ್ಲರೆ ಜನ. ಅಷ್ಟೂ ಜನಕ್ಕೆ ಗದ್ದ ಎತ್ತಿ ಹಿಡಿದದ್ದರಿಂದಲೋ ಆಕ್ಸಿಜನ್ ಹೆಚ್ಚಿಸಿದ್ದರಿಂದಲೋ ಸರಿಹೋಯಿತು, ಏಕೆಂದರೆ ನೋಡುತ್ತ ಕೂತವಳು ಒಬ್ಬಳಿದ್ದಳು. ತೀರಾ ಕೆಟ್ಟ ಲಿವರಿನವರು, ಎದೆರೋಗದವರು, ಕುತ್ತಿಗೆ ದಪ್ಪ ಇದ್ದವರು, ಇವರನ್ನು ರಾವ್ಯಾ ಮುಟ್ಟುತ್ತಲೇ ಇರಲಿಲ್ಲ. ತಜ್ಞರ ದಿನಕ್ಕೆ ಬನ್ನಿ ಎಂದು ಕಳಿಸುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಸತ್ತವರು ಒಬ್ಬರು. ಅವರು ಸತ್ತದ್ದು ನರ್ಸ್ ಮದ್ದು ಕೊಟ್ಟ ದಿನವಲ್ಲ, ಅಂಥ ದಿನ ಸಾವಿರಾರು ಇದ್ದವು. ನರ್ಸ್ ಒಬ್ಬಳೇ ಇದ್ದ ದಿನ. ಆ ದಿನ ಒಂದೇ ಒಂದು. ಎರಡು ಸಂಗತಿಗಳಲ್ಲಿ ಯಾವುದು ಬದಲಾಯಿತೋ ಅದೇ ಕಾರಣ ಎಂದು ಹನ್ನೆರಡು ವರ್ಷದ ಮಕ್ಕಳು ಹೇಳುತ್ತಾರೆ. ನಿಮ್ಮ ಸಮಿತಿಯಲ್ಲಿ ಐದು ಜನ ಡಾಕ್ಟರುಗಳಿದ್ದರಂತೆ. ಐವರಿಗೂ ಇದು ಹೊಳೆಯಲಿಲ್ಲವೇ? ಅಥವಾ ಹೊಳೆದದ್ದು ಬೆಂಕಿಯಂತೆ ಕಂಡು ಕೈ ಹಿಂದೆಗೆದರೇ? ಆ ವರದಿಗೆ ನಾನು ಕೆಂಪು ಶಾಯಿಯಲ್ಲಿ ಅಂಕ ಹಾಕಿದ್ದೇನೆ. ಕಾಗುಣಿತಕ್ಕೆ ಪೂರ್ತಿ, ಸತ್ಯಕ್ಕೆ ಸೊನ್ನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಕೇಳಿದ್ದೆ. ಬರೆ ಹಾಕಲು ನನ್ನ ಕೈಗೇ ಕಬ್ಬಿಣ ಕೊಟ್ಟವರು ನೀವು. ಅದನ್ನು ಮಾತ್ರ ನಾನು ಕ್ಷಮಿಸುವುದಿಲ್ಲ.

ಕಳೆದ ಶುಕ್ರವಾರ ನಮಾಜು ಮುಗಿದ ಮೇಲೆ ಹಾಜ್ ಖಲಫ್ ಮಸೀದಿಯ ಮೆಟ್ಟಿಲ ಮೇಲೆ ನಿಂತು ಹೇಳಿದರು: "ನಮ್ಮ ಶೌಕಿಗಾಗಿ ನಾವು ತಗೊಂಡ ಸಂತಾಪ ಸಂತಾಪ ಅಲ್ಲ. ಬಂದವರು ಕ್ಷಮಿಸಿ. ಅದನ್ನ ವಾಪಸು ಕೊಟ್ಟಿದ್ದೀವಿ." ಇದರ ಅರ್ಥ ನಿಮ್ಮ ಕಾರಿನ ಚಾಲಕ ಹೇಳುತ್ತಾನೆ ಕೇಳಿ, ಅವನೂ ದಕ್ಷಿಣದವನೇ. ನಮ್ಮ ಮನೆ ಮತ್ತೆ ಹಕ್ಕು ತೀರದ ಮನೆಯಾಗಿದೆ. ಹೆದರಬೇಡಿ, ಬಂದೂಕು ತರುವವರು ಯಾರೂ ಇಲ್ಲ. ಭಾವನವರಿಗೆ ಎಪ್ಪತ್ತೆಂಟು, ಕಣ್ಣಿನ ಪೊರೆ. ನನಗೆ ಅರವತ್ತಾರು. ಆದರೆ ನೀವು ಉದ್ಘಾಟನೆಗೆ ಹೋದಲ್ಲೆಲ್ಲ ಆ ಹಾಳೆಯ ಪ್ರತಿಯೊಂದಿಗೆ ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ. ನಿಮಗೆ ಬಡ್ತಿ ಸಿಕ್ಕರೆ ಆ ಊರಿಗೂ ಬರುತ್ತೇನೆ. ಬಡ್ತಿ ಬಾರದಂತೆ ಮಾಡಲು ಏನೇನು ಬರೆಯಬೇಕೋ ಬರೆಯುತ್ತೇನೆ. ನಿವೃತ್ತಿಯಾಗಿ ಮನೆಯಲ್ಲಿ ಕೂತಾಗ ಓದಲಿಕ್ಕೂ ಒಂದಿಷ್ಟು ಕಳಿಸುತ್ತೇನೆ. ಕೆಲಸವಿಲ್ಲದ ವಿಧವೆಗೆ ಹೊತ್ತು ಬೇಕಾದಷ್ಟಿದೆ.

ನಾನು ಕೇಳುವುದು ಬಹಳವಲ್ಲ. ಭಾನುವಾರ ಹತ್ತು ಗಂಟೆಗೆ ಶಿಸ್ತು ಮಂಡಳಿಯ ಮುಂದೆ ರಾವ್ಯಾಳ ಬದಲು ನೀವು ಆ ಕುರ್ಚಿಯಲ್ಲಿ ಕೂರಬೇಕು. ಬುಧವಾರದ ಆದೇಶ ನನ್ನದು ಎಂದು ಬಾಯಿಬಿಟ್ಟು ಹೇಳಬೇಕು. ಸುತ್ತೋಲೆ ಹರಿದು ಹಾಕಿ ಆ ಕೋಣೆಯ ಬಾಗಿಲು ತೆರೆಯಬೇಕು. ಒಳಗೆ ಇಬ್ಬರು ನರ್ಸುಗಳಿರಬೇಕು, ಮದ್ದು ಕೊಡುವವಳಿಗೆ ಬೇರೆ ಕೆಲಸ ಇರಬಾರದು, ಕಷ್ಟದ ರೋಗಿಗಳು ತಜ್ಞರಿಗೇ ಹೋಗಬೇಕು. ಎರಡನೇ ನರ್ಸ್ ಇಲ್ಲದ ದಿನ ಕೋಣೆಗೆ ಬೀಗ ಬೀಳಬೇಕು, ಆ ಬೀಗ ತೆಗೆಯುವ ಅಧಿಕಾರ ನಿಮಗೆ ಇರಬಾರದು.

ಮೊದಲ ರೋಗಿಯನ್ನು ಹುಡುಕುವ ಶ್ರಮ ನಿಮಗೆ ಬೇಡ. ಆ ಸೂಜಿ ಶೌಕಿಗೆ ಮಾತ್ರ ಚುಚ್ಚಿರಲಿಲ್ಲ. ಹೋದ ತಿಂಗಳು ನನಗೆ ಸ್ಕ್ಯಾನ್ ಆಯಿತು. ನನ್ನವೂ ಉಬ್ಬಿವೆಯೋ ಎಂದು ಕೊಳವೆ ಇಳಿಸಿ ನೋಡಬೇಕಂತೆ. ನನ್ನ ಸರದಿ ಇನ್ನೂರ ಹದಿನಾಲ್ಕು. ವಾರಕ್ಕೆ ನಾಲ್ಕರಂತೆ ಐವತ್ತನಾಲ್ಕು ವಾರ. ಅಷ್ಟು ದಿನ ನಾನಿರುತ್ತೇನೋ ಇಲ್ಲವೋ ಎಂದು ಯಾವ ಲೆಕ್ಕದಿಂದಲೂ ಹೇಳಲಾಗುವುದಿಲ್ಲ. ಆದ್ದರಿಂದ ನನ್ನನ್ನು ಮೊದಲು ಮಲಗಿಸಿ. ಮದ್ದು ಮಿಸ್ ರಾವ್ಯಾ ಕೊಡಲಿ. ನಾನೇ ಕೇಳಿದೆ, ಅವಳು ಒಪ್ಪಿದ್ದಾಳೆ. ಅಂದು ನೀವೂ ಬನ್ನಿ. ಸಾಲು ಬೇಡ, ಹೂವು ಬೇಡ, ಗೋಡೆಗೆ ಒರಗಿ ನಿಂತುಕೊಳ್ಳಿ. ನನ್ನ ಕಣ್ಣು ಮುಚ್ಚಿದ ಮೇಲೆ ಯಾರಾದರೂ ಅವಳನ್ನು ನನ್ನ ತಲೆಯ ಬಳಿಯಿಂದ ಕರೆದರೆ, ಎಷ್ಟೇ ದೊಡ್ಡವರು ಕರೆದರೂ, "ಅವಳು ಬರುವುದಿಲ್ಲ" ಎಂದು ಹೇಳಿ. ನಿಮಗೆ ಆ ಕೋಣೆಯಲ್ಲಿ ಇರುವುದು ಅದೊಂದೇ ಕೆಲಸ.

ಇಂತಿ,
ಎಚ್ಚರವಿರುವವರೆಗೆ ನಿಮ್ಮನ್ನು ಬಿಡದ,
ಇಗ್ಲಾಲ್
ನಿವೃತ್ತ ಗಣಿತ ಶಿಕ್ಷಕಿ, ದಿವಂಗತ ಶೌಕಿಯವರ ಹೆಂಡತಿ
ಸರದಿ ಸಂಖ್ಯೆ ೨೧೪